ಇಟ್ಟಿಗೆಯ ಕೆಳಗಿನ ತುದಿ

ಚಿತ್ರ ಬಂದದ್ದು ಬೆಳಿಗ್ಗೆ ಎಂಟು ನಲವತ್ತಕ್ಕೆ. ಸತ್ತ ಹಾವೊಂದರ ನಡುಭಾಗ ಮಾತ್ರ ಕಾಣುತ್ತಿತ್ತು. ಒಂದು ತುದಿಯ ಮೇಲೆ ಇಟ್ಟಿಗೆ ಇತ್ತು, ಇನ್ನೊಂದು ತುದಿ ಚಿತ್ರದ ಅಂಚಿನಿಂದ ಆಚೆ ಹೋಗಿತ್ತು. ಕೆಳಗೆ ಒಂದೇ ಸಾಲು: ‘ಇದ್ಯಾವ ಹಾವು ಸ್ವಲ್ಪ ಹೇಳಿ ಮೇಡಂ.’

ಆ ವಾರ ಉತ್ತರಿಸುವ ಪಾಳಿ ನನ್ನದು. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಯಾವ ಸರೀಸೃಪಗಳು ಎಲ್ಲೆಲ್ಲಿ ಉಳಿದುಕೊಂಡಿವೆ ಎಂದು ದಾಖಲಿಸುವ ಚಿಕ್ಕ ಯೋಜನೆ ನಮ್ಮದು. ಬನಶಂಕರಿ ಎರಡನೇ ಹಂತದಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆ ನಮ್ಮ ಕಚೇರಿ. ಪಾರ್ಕಿನ ಕಾವಲುಗಾರರು, ನರ್ಸರಿಯವರು, ಬೆಳಗಿನ ವಾಕಿಂಗ್‌ನವರು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಸೇರಿದ ಒಂದು ವಾಟ್ಸಾಪ್ ಗುಂಪಿದೆ. ಕಂಡದ್ದನ್ನು ಅವರು ಕಳಿಸುತ್ತಾರೆ, ನಾವು ಹೆಸರು ಹೇಳುತ್ತೇವೆ. ಬರುವುದರಲ್ಲಿ ಹೆಚ್ಚಿನವು ಕೇರೆ ಹಾವು, ನೀರು ಹಾವು, ಓತಿಕ್ಯಾತ, ಹಾವುರಾಣಿ. ಜೆ.ಪಿ. ನಗರದಿಂದ ಬಂದ ಒಂದು ‘ಹೆಬ್ಬಾವಿನ ಮರಿ’ ತೋಟಕ್ಕೆ ನೀರು ಬಿಡುವ ಪೈಪಾಗಿತ್ತು. ಹೀಗಾಗಿ ಉತ್ತರಿಸುವ ಕೈ ಸರಾಗವಾಗಿಬಿಡುತ್ತದೆ.

ಈ ಚಿತ್ರ ಕಳಿಸಿದವರು ಇಟ್ಟಮಡುವಿನಲ್ಲಿ ಗಿಡಗಳ ನರ್ಸರಿ ನಡೆಸುವ, ಅರವತ್ತರ ಆಸುಪಾಸಿನ ಮಹಿಳೆ. ಗುಂಪಿನಲ್ಲಿ ಎಲ್ಲರಂತೆ ನಾನೂ ಅವರನ್ನು ಆಂಟಿ ಎನ್ನುತ್ತಿದ್ದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಂದು ಮೈ, ಅಡ್ಡಡ್ಡ ಬಿಳಿ ಪಟ್ಟೆಗಳು. ಇಟ್ಟಿಗೆಯ ಹತ್ತಿರ ಪಟ್ಟೆಗಳು ಢಾಳಾಗಿದ್ದವು. ಇನ್ನೊಂದು ಕಡೆಗೆ ಹೋದಂತೆ ಮಸುಕಾಗಿ, ಕೊನೆಗೆ ಇಲ್ಲವೇ ಇಲ್ಲ ಎನ್ನುವಂತಿದ್ದವು.

ನಮ್ಮ ಊರಿನಲ್ಲಿ ಬಿಳಿ ಅಡ್ಡಪಟ್ಟೆಯ ಹಾವು ಎಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ತೋಳ ಹಾವು ಮನೆಯ ಗೋಡೆಗಳನ್ನೇರಿ ಹಲ್ಲಿ ಹಿಡಿಯುವ, ವಿಷವಿಲ್ಲದ ಹಾವು. ಕಟ್ಟು ಹಾವಿನ ವಿಷ ನಾಗರಹಾವಿನದಕ್ಕಿಂತ ಹೆಚ್ಚು ತೀಕ್ಷ್ಣ. ಕಚ್ಚಿದ ಜಾಗದಲ್ಲಿ ನೋವಿಲ್ಲ, ಊತವಿಲ್ಲ. ಗಂಟೆಗಳು ಕಳೆದ ಮೇಲೆ ರೆಪ್ಪೆ ಬೀಳುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ನೋಡಲು ಎರಡೂ ಹತ್ತಿರದ ಹೋಲಿಕೆ. ಬೇರ್ಪಡಿಸುವ ಸುಲಭದ ದಾರಿ ಪಟ್ಟೆಗಳ ದಿಕ್ಕು. ತೋಳ ಹಾವಿನ ಪಟ್ಟೆ ಕುತ್ತಿಗೆಯಿಂದಲೇ ಸ್ಪಷ್ಟವಾಗಿ ಶುರುವಾಗಿ ಬಾಲದ ಕಡೆಗೆ ಮಾಸುತ್ತದೆ. ಕಟ್ಟು ಹಾವಿನದು ಇದಕ್ಕೆ ಉಲ್ಟಾ, ಬಾಲದ ಕಡೆ ಸ್ಪಷ್ಟ, ತಲೆಯ ಕಡೆ ಮಸುಕು.

ಇಟ್ಟಿಗೆಯ ಕೆಳಗೆ ತಲೆ. ಪಟ್ಟೆ ಅಲ್ಲಿಂದ ಶುರು. ಮೈ ಕಂದು. ನಾನು ಬರೆದೆ: ‘ತೋಳ ಹಾವು. ವಿಷವಿಲ್ಲ. ಭಯ ಬೇಡ. ಮುಂದಿನ ಸಲ ಕೊಲ್ಲಬೇಡಿ, ಕರೆಯಿರಿ.’ ಒಂದು ನಿಮಿಷವೂ ಹಿಡಿಯಲಿಲ್ಲ. ಹೆಬ್ಬೆರಳುಗಳೂ ಕೈಮುಗಿದ ಗುರುತುಗಳೂ ಬಂದವು. ಆಂಟಿ ‘ಥ್ಯಾಂಕ್ಸ್ ಕಣಮ್ಮ, ನೆಮ್ಮದಿ ಆಯ್ತು’ ಎಂದು ಬರೆದರು.

ನಮ್ಮಲ್ಲಿ ಪ್ರತಿ ಉತ್ತರಕ್ಕೂ ಒಂದು ಹಾಳೆ ತುಂಬಬೇಕು. ಯೋಜನೆಯ ಮುಖ್ಯಸ್ಥರು ಮಾಡಿದ ಹಾಳೆ ಅದು. ಎಡಗಡೆ ಲಕ್ಷಣಗಳ ಪಟ್ಟಿ, ಬಲಗಡೆ ಎರಡು ಅಂಕಣ: ‘ಕಂಡದ್ದು’, ‘ಊಹಿಸಿದ್ದು’. ಪ್ರತಿ ಲಕ್ಷಣದ ಎದುರು ಎರಡರಲ್ಲಿ ಒಂದು ಕಡೆ ಗುರುತು ಹಾಕಬೇಕು. ಮೊದಲು ಹಾಳೆ, ಆಮೇಲೆ ಉತ್ತರ ಎನ್ನುವುದು ಕ್ರಮ. ನಾವೆಲ್ಲರೂ ಮೊದಲು ಉತ್ತರಿಸಿ, ಹಾಳೆಗಳನ್ನು ಕಾಫಿ ಕುಡಿಯುತ್ತ ತುಂಬುವ ಅಭ್ಯಾಸ ಮಾಡಿಕೊಂಡಿದ್ದೆವು. ಮುಖ್ಯಸ್ಥರಿಗೆ ಅದು ಗೊತ್ತಿರಲಿಲ್ಲ. ಆ ದಿನ ಅವರು ಕಾಡಿನ ಕೆಲಸದ ಮೇಲೆ ಫೋನ್ ಸಿಗದ ಜಾಗದಲ್ಲಿದ್ದರು.

ಒಂಬತ್ತು ಗಂಟೆಗೆ ಹಾಳೆ ತೆಗೆದುಕೊಂಡೆ. ಪಟ್ಟೆ: ಕಂಡದ್ದು. ಪಟ್ಟೆಯ ದಿಕ್ಕು: ತಲೆಯಿಂದ ಬಾಲಕ್ಕೆ ಮಸುಕು. ಇಲ್ಲಿ ‘ಕಂಡದ್ದು’ ಎಂದು ಗುರುತು ಹಾಕಲು ಹೋದ ಪೆನ್ನು ನಿಂತಿತು. ಪಟ್ಟೆ ಕಂಡಿದ್ದೆ. ತಲೆಯನ್ನು ಕಂಡಿದ್ದೆನೇ?

ಮತ್ತೆ ಚಿತ್ರ ತೆರೆದೆ. ತಲೆ ಇರಲಿಲ್ಲ. ಬಾಲವೂ ಇರಲಿಲ್ಲ. ಇಟ್ಟಿಗೆ ಇತ್ತು. ಹಾವನ್ನು ಹೊಡೆಯುವವರು ತಲೆಗೇ ಹೊಡೆಯುತ್ತಾರೆ. ನಾನು ನೋಡಿದ ನೂರಾರು ಸತ್ತ ಹಾವಿನ ಚಿತ್ರಗಳಲ್ಲಿ ಜಜ್ಜಿಹೋದದ್ದು ತಲೆಯೇ. ಆದ್ದರಿಂದ ಇಟ್ಟಿಗೆ ಇರುವ ಕಡೆ ತಲೆ ಎಂದು ಕಣ್ಣು ತಾನಾಗಿಯೇ ತೀರ್ಮಾನಿಸಿತ್ತು. ಇಟ್ಟಿಗೆ ಬಾಲದ ಮೇಲೆ ಬಿದ್ದಿದ್ದರೆ? ಆಗ ಅದೇ ಚಿತ್ರ, ಅದೇ ಪಟ್ಟೆ, ಹಾವು ಮಾತ್ರ ಕಟ್ಟು ಹಾವು. ಬಣ್ಣಕ್ಕೂ ಈಗ ಬೇರೆ ಅರ್ಥ ಬಂತು. ಸುತ್ತ ಚೆಲ್ಲಿದ್ದದ್ದು ಕುಂಡಗಳಿಗೆ ಹಾಕುವ ತೆಂಗಿನ ನಾರಿನ ಪುಡಿ. ಆ ಪುಡಿ ಮೆತ್ತಿದರೆ ಕಪ್ಪು ಮೈಯೂ ಕಂದಾಗಿ ಕಾಣುತ್ತದೆ.

ಇನ್ನೊಂದು ಚಿತ್ರ ಕೇಳೋಣ ಎಂದು ಆಂಟಿಗೆ ಫೋನ್ ಮಾಡಿದೆ.

“ಆಂಟಿ, ಆ ಹಾವಿನ ತಲೆ ಕಾಣೋ ಹಾಗೆ ಇನ್ನೊಂದು ಫೋಟೋ ತೆಗೀತೀರಾ?”

“ಅಯ್ಯೋ, ಅದನ್ನ ಆಗಲೇ ಸುಡೋಕೆ ಹಾಕಿದೀವಲ್ಲಮ್ಮ. ಕೊಂದಿದ್ದೀವಿ, ಹಾಲು ತುಪ್ಪ ಬಿಟ್ಟು ಸಂಸ್ಕಾರ ಮಾಡದೆ ಬಿಸಾಕೋಕಾಗುತ್ತಾ? ನಾಗರ ಅಲ್ದೇ ಇದ್ರೇನು, ಹಾವು ಹಾವೇ ಅಲ್ವಾ.” ಸ್ವಲ್ಪ ತಡೆದು ಸೇರಿಸಿದರು: “ನೀವು ವಿಷ ಇಲ್ಲ ಅಂದಿದ್ದು ಒಳ್ಳೇದಾಯ್ತು. ನಮ್ಮ ಮಾಲೀನ ಆಸ್ಪತ್ರೆಗೆ ಕಳ್ಸೋಣ ಅಂತಿದ್ದೆ. ಆಟೋನೂ ಬಂದಿತ್ತು, ವಾಪಸ್ ಕಳ್ಸಿದೆ.”

ಮಾಲಿಗೆ ಏನಾಗಿತ್ತು ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಬೆರಳಿಗೆ ಕಚ್ಚಿತ್ತು. ಎಂಟೂ ಕಾಲಿಗೆ. ನಾನು ಹೇಳ್ಲಿಲ್ವಾ?”

ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಸತ್ತ ಹಾವಿನ ಚಿತ್ರ ಬಂದರೆ ಮೊದಲು ಕೇಳಬೇಕಾದದ್ದು ‘ಯಾರಿಗಾದರೂ ಕಚ್ಚಿತೇ’ ಎಂದು. ಹಾಳೆಯ ಮೊದಲ ಸಾಲೇ ಅದು. ಮಾಲಿ ಈಗ ಎಲ್ಲಿ ಎಂದು ವಿಚಾರಿಸಿದರೆ, ಕಾಫಿ ಕುಡಿದು ಕೆಮ್ಮಣ್ಣಿನ ಲೋಡು ಇಳಿಸುತ್ತಿದ್ದಾನೆ ಎಂದರು. ಕಚ್ಚಿ ಐವತ್ತು ನಿಮಿಷವಾಗಿತ್ತು.

ನಾನು ಮಾತು ಜೋಡಿಸಿಕೊಳ್ಳಲು ಸಮಯ ತೆಗೆದುಕೊಳ್ಳುವವಳು. ತಪ್ಪಾಡುವುದಕ್ಕಿಂತ ಸುಮ್ಮನಿರುವುದು ನನಗೆ ಒಗ್ಗಿದ ರೀತಿ. ಅರ್ಧ ಗಂಟೆಯೊಳಗೆ ಇಟ್ಟಮಡುವಿಗೆ ಹೋಗಿ, ಉಳಿದದ್ದನ್ನು ನೋಡಿ, ಖಚಿತ ಮಾಡಿಕೊಂಡು ಹೇಳಬಹುದು ಎಂಬ ಯೋಚನೆ ಬಂದದ್ದು ನಿಜ. ಆ ಅರ್ಧ ಗಂಟೆ ನನ್ನದಾಗಿರಲಿಲ್ಲ.

“ಆಂಟಿ, ನಾನು ಹೇಳಿದ್ದು ತಪ್ಪಿರಬಹುದು. ಅದು ಕಟ್ಟು ಹಾವು ಅಂತಲೇ ಅಂದ್ಕೊಳ್ಳಿ. ಅವರನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

“ಏನಮ್ಮ ನೀನು. ಈಗ ತಾನೇ ವಿಷ ಇಲ್ಲ ಅಂದೆ. ಆಗಿನ ಮಾತು ನಂಬ್ಲೋ, ಈಗಿನ ಮಾತು ನಂಬ್ಲೋ?”

“ಈಗಿಂದು. ಆಗ ನಾನು ತಲೆ ನೋಡದೇ ಹೇಳಿದೆ.”

“ಖಚಿತವಾಗಿ ಕಟ್ಟು ಹಾವೇನಾ?”

“ಗೊತ್ತಿಲ್ಲ ಆಂಟಿ. ಗೊತ್ತಿಲ್ಲ ಅಂತಲೇ ಕಳಿಸಿ ಅಂತಿರೋದು.”

ಅವರು ಫೋನನ್ನು ಮಾಲಿಯ ಕೈಗೆ ಕೊಟ್ಟರು. ಕನಕಪುರದ ಕಡೆಯವರು, ನಲವತ್ತೈದು ದಾಟಿದವರು. ದನಿಯಲ್ಲಿ ಆತಂಕವಿರಲಿಲ್ಲ.

“ಏನೂ ಆಗಿಲ್ಲ ಬುಡಿ ಮೇಡಂ. ಇರುವೆ ಕಡದಂಗಾಯ್ತು ಅಷ್ಟೇ. ಉರೀನೂ ಇಲ್ಲ, ಊತಾನೂ ಇಲ್ಲ. ಅಮ್ಮಾವ್ರು ಅರಿಶಿನ ಮೆತ್ತವ್ರೆ.”

“ಊತ ಇಲ್ದೇ ಇರೋದೇ ನನಗೆ ಭಯ ಅಣ್ಣ. ಆ ಬೆರಳಲ್ಲಿ ಉಂಗುರ ಇದ್ಯಾ?”

“ತಾಮ್ರದ್ದು ಐತೆ.”

“ತೆಗೆದುಬಿಡಿ. ಗಟ್ಟಿಯಾಗಿ ಏನೂ ಕಟ್ಟಬೇಡಿ, ಕುಯ್ಯಬೇಡಿ. ಮಣ್ಣು ಹೊರೋದು ನಿಲ್ಸಿ. ಕೈ ಅಲ್ಲಾಡಿಸದೆ ಆಟೋದಲ್ಲಿ ಕೂತ್ಕೊಳ್ಳಿ.”

“ಅರ್ಧ ಲೋಡು ಇನ್ನೂ ಐತಲ್ಲ ಮೇಡಂ.”

ಹಿಂದಿನಿಂದ ಆಂಟಿಯ ದನಿ ಕೇಳಿಸಿತು: “ಲೋಡು ನಾನಿಳಿಸ್ಕೋತೀನಿ, ನೀನು ನಡಿಯೋ ಮಹರಾಯ.” ಆಂಟಿ ನನ್ನನ್ನು ನಂಬಿದರೋ, ಹೆದರಿದರೋ, ಕೇಳಲಿಲ್ಲ. ಹೊರಟರು, ಅಷ್ಟು ಸಾಕಾಗಿತ್ತು.

ಗುಂಪಿನಲ್ಲಿ ನನ್ನ ಸಂದೇಶ ಹಾಗೇ ಇತ್ತು. ಬೆರಳಿಟ್ಟು ಒತ್ತಿದರೆ ಎಲ್ಲರ ಫೋನಿನಿಂದಲೂ ಅಳಿಸಿಹಾಕುವ ಅವಕಾಶ ಮೇಲೆದ್ದು ಬಂತು. ಅದನ್ನು ಒಂದೆರಡು ಕ್ಷಣ ನೋಡಿದೆ. ಆದರೆ ಅಷ್ಟರಲ್ಲಿ ಅದನ್ನು ಎಷ್ಟು ಜನ ಓದಿದ್ದರೋ, ಎಷ್ಟು ಜನ ಬೇರೆ ಗುಂಪಿಗೆ ಕಳಿಸಿದ್ದರೋ. ಪಟ್ಟೆ ಇದ್ದರೆ ವಿಷವಿಲ್ಲ ಎಂದು ಯಾರು ಮನಸ್ಸಿನಲ್ಲಿಟ್ಟುಕೊಂಡರೋ. ಅಳಿಸಿದರೆ ಹೇಳಿದ್ದು ಉಳಿಯುತ್ತದೆ, ತಿದ್ದಿದ್ದು ಸಿಗುವುದಿಲ್ಲ. ಅದರ ಕೆಳಗೇ ಬರೆದೆ: ‘ಮೇಲಿನ ನನ್ನ ಉತ್ತರ ತಪ್ಪಿರಬಹುದು. ತಲೆ ಯಾವ ಕಡೆ ಎಂದು ನೋಡದೆ ಹೇಳಿದ್ದೆ. ಇದು ಕಟ್ಟು ಹಾವು ಎಂದೇ ಭಾವಿಸಿ. ಕಚ್ಚಿಸಿಕೊಂಡವರು ಆಸ್ಪತ್ರೆಗೆ ಹೋಗುತ್ತಿದ್ದಾರೆ.’ ಜಯನಗರದ ನಿವೃತ್ತರೊಬ್ಬರು ಕೂಡಲೇ ಬರೆದರು: ‘ಎಕ್ಸ್‌ಪರ್ಟ್‌ಗಳೇ ಹೀಗಾದ್ರೆ ನಮ್ಮಂಥವರ ಗತಿ ಏನು ಮೇಡಂ.’ ಹಾಳೆ, ಅಳತೆಪಟ್ಟಿ, ಕೈಗವಸು, ಉದ್ದನೆಯ ಚಿಮಟ, ಭೂತಗನ್ನಡಿ, ಒಂದು ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದೆ.

ಇಟ್ಟಮಡುವಿನ ಆ ನರ್ಸರಿ ಎರಡು ಸೈಟುಗಳ ಜಾಗ. ಮುಂದೆ ಗುಲಾಬಿ ಮತ್ತು ದಾಸವಾಳದ ಸಾಲು, ಹಿಂದೆ ಗೊಬ್ಬರದ ಗುಡ್ಡೆ. ಆಂಟಿ ಆಸ್ಪತ್ರೆಗೆ ಹೋಗಿದ್ದರು. ಗಿಡಗಳಿಗೆ ನೀರು ಹಾಕುವ ಹೆಂಗಸೊಬ್ಬರು ನನ್ನನ್ನು ಹಿಂದಕ್ಕೆ ಕರೆದೊಯ್ದರು. ಒಣ ತೆಂಗಿನ ಗರಿಯ ಮೇಲೆ ಹಾವನ್ನು ಸುಟ್ಟಿದ್ದರು. ಬೂದಿಯ ನಡುವೆ ಕರಕಲಾದ ಬಳೆಯಂಥ ಸುರುಳಿ, ಪಕ್ಕದಲ್ಲಿ ಹಾಲಿನ ಖಾಲಿ ಪ್ಯಾಕೆಟ್. ಚಿಮಟದಿಂದ ಮುಟ್ಟಿದೆ, ಪುಡಿಯಾಯಿತು. ಹುರುಪೆಗಳೆಲ್ಲ ಉಬ್ಬಿ ಒಡೆದುಹೋಗಿದ್ದವು. ತಲೆ ಎಂದು ಗುರುತಿಸಬಹುದಾದದ್ದು ಏನೂ ಉಳಿದಿರಲಿಲ್ಲ.

ಹೇಗೆ ಹೊಡೆದಿರಿ ಎಂದು ಕೇಳಿದೆ.

“ಅಣ್ಣ ಟ್ರೇ ಎತ್ತುದ್ರು, ಅದರಡಿ ಮಲಗಿತ್ತು, ಬೆರಳಿಗೆ ಹಾಕ್ತು. ಕೊಡವಿದ್ರು ನೋಡಿ, ಹೋಗಿ ಆ ಕುಂಡಗಳ ಸಂದಿಗೆ ನುಗ್ತು. ಅರ್ಧ ಒಳಗೋಗಿತ್ತು. ಅಮ್ಮಾವ್ರು ಆಚೆ ಇದ್ದ ಕಡೆ ಇಟ್ಟಿಗೆ ಎತ್ತಾಕುದ್ರು. ನಾನು ಗುದ್ಲೀಲಿ ಕೊಚ್ಚಿದೆ.”

“ಆಚೆ ಇದ್ದದ್ದು ಬಾಲಾನಾ?”

“ತಲೆ ಮುಂದಾಗಿ ತಾನೇ ಮೇಡಂ ನುಗ್ಗೋದು?” ಇಷ್ಟು ಓದಿದವಳಿಗೆ ಇದೂ ತಿಳಿಯದೇ ಎನ್ನುವಂತೆ ಅವರು ನನ್ನನ್ನು ನೋಡಿದರು.

ಇಟ್ಟಿಗೆ ಇದ್ದಲ್ಲೇ ಇತ್ತು. ಗುದ್ದಲಿಯ ಏಟಿಗೆ ತುಂಡಾಗಿ ಅದರಡಿ ಉಳಿದದ್ದನ್ನು ಸುಡಲು ಅವರು ಮರೆತಿದ್ದರು. ಎತ್ತಿದೆ. ನನ್ನ ಗೇಣಿನಷ್ಟು ಉದ್ದದ ಬಾಲದ ತುಂಡು, ಮೇಲೆಲ್ಲ ನಾರಿನ ಪುಡಿ. ನೀರು ಹಾಕುವ ಕ್ಯಾನಿನಿಂದ ತೊಳೆದೆ. ಕಂದು ಹರಿದುಹೋಗಿ ಕೆಳಗಿನಿಂದ ನೀಲಿ ಮಿಂಚುವ ಕಪ್ಪು ಬಂತು. ಪಟ್ಟೆಗಳು ಕಟ್ಟು ಹಾವಿನದರಂತೆ ಜೋಡಿ ಜೋಡಿಯಾಗಿದ್ದವು.

ಮೇಲಿನ ಬಣ್ಣ ನಂಬಿ ಒಮ್ಮೆ ಕೆಟ್ಟಿದ್ದೆ. ಮಗುಚಿ ಹಾಕಿ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿದೆ. ತೋಳ ಹಾವಿನ ಬಾಲದಡಿ ಹುರುಪೆಗಳು ಎರಡು ಸಾಲಾಗಿ, ನಡುವೆ ಬೈತಲೆ ತೆಗೆದಂತೆ ಇರುತ್ತವೆ. ಕಟ್ಟು ಹಾವಿನಲ್ಲಿ ಬೈತಲೆ ಇಲ್ಲ, ಅಡ್ಡಕ್ಕೆ ಒಂದೊಂದೇ ಅಗಲ ಹುರುಪೆ ತುದಿಯವರೆಗೂ. ತುಂಡಾದ ಕಡೆಯಿಂದ ತುದಿಯವರೆಗೆ ಒಂದೊಂದನ್ನೂ ನೋಡಿದೆ. ಬೈತಲೆ ಎಲ್ಲೂ ಇರಲಿಲ್ಲ. ಬೆನ್ನಿನ ನಡುಸಾಲನ್ನು ನೋಡಿದೆ. ಅಕ್ಕಪಕ್ಕದವುಗಳಿಗಿಂತ ದೊಡ್ಡವಾದ, ಆರು ಮೂಲೆಯ ಹುರುಪೆಗಳು. ಅದು ಕೂಡ ಕಟ್ಟು ಹಾವಿನದೇ ಗುರುತು.

ಹಾಳೆಯಲ್ಲಿ ಎರಡು ಕಡೆ ‘ಕಂಡದ್ದು’ ಎಂದು ಗುರುತು ಹಾಕಿದೆ. ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ತುಂಡನ್ನು ಬಾಟಲಿಗೆ ಹಾಕಿ, ಆಟೋ ಹಿಡಿದೆ. ಹೊರವರ್ತುಲ ರಸ್ತೆಯ ಸಿಗ್ನಲ್‌ನಲ್ಲಿ ಹನ್ನೊಂದು ನಿಮಿಷ ನಿಂತೆವು. ಅಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ವೈದ್ಯೆ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬಾಟಲಿ ಕಂಡ ಕೂಡಲೇ ಕೈ ಅಡ್ಡ ಹಿಡಿದರು.

“ಹಾವನ್ನ ಇಲ್ಲಿಗೆ ತರಬೇಡಿ ಅಂತ ಎಷ್ಟು ಸಲ ಹೇಳೋದು? ನಮಗೆ ಹಾವು ಬೇಡ, ಮನುಷ್ಯ ಬೇಕು.”

ಬಾಲ ಮಾತ್ರ ಎಂದೆ. ಕಟ್ಟು ಹಾವು, ಖಚಿತ ಎಂದೆ. ಅವರು ಬಾಟಲಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಇರಬಹುದು. ಆದ್ರೆ ಪೂರ್ತಿ ವಿಷ ಬಿಟ್ಟಿರಲೇಬೇಕು ಅಂತಿಲ್ಲ. ಲಕ್ಷಣ ಬಂದ್ರೆ ಮಾತ್ರ ಔಷಧಿ. ಸದ್ಯಕ್ಕೆ ಏನೂ ಇಲ್ಲ. ಇಪ್ಪತ್ತನಾಲ್ಕು ಗಂಟೆ ಇಟ್ಕೊಂಡು ನೋಡ್ತೀವಿ. ನನ್ನ ಕಷ್ಟ ಬೇರೆ. ಆತ ಹೊರಡ್ತೀನಿ ಅಂತಿದಾನೆ.”

ಮಾಲಿ ಆಗಲೇ ಮಂಚದಿಂದ ಇಳಿದು ಚಪ್ಪಲಿ ಮೆಟ್ಟಿದ್ದರು. ಆಂಟಿ ಅವರ ಶರ್ಟಿನ ತೋಳು ಹಿಡಿದು ನಿಂತಿದ್ದರು.

“ಕಚ್ಚಿ ಮೂರು ಗಂಟೆ ಆಗ್ತಾ ಬಂತು ಅಮ್ಮ, ನೋಡಿ, ಕಲ್ಲಿದ್ದಂಗಿವ್ನಿ. ಮದ್ಯಾನ ಗುಲಾಬಿ ಲೋಡ್ ಬರ್ತದೆ. ಇಳಿಸ್ಕೊಳೋರು ಯಾರು? ಇವರು ಸೂಜಿ ಹಾಕಲ್ಲ, ಮಾತ್ರೆ ಕೊಡಲ್ಲ, ಸುಮ್ಕೆ ಮಲಗು ಅಂತಾರೆ.”

“ನೋಡಮ್ಮ, ನೀನೇ ಹೇಳು ಇವನಿಗೆ,” ಎಂದರು ಆಂಟಿ. “ಬೆಳಿಗ್ಗೆ ವಿಷ ಇಲ್ಲ ಅಂತ ಹೇಳಿದವಳೂ ನೀನೇ ತಾನೆ.”

ಮಾತು ಚುಚ್ಚಿತು. ಚುಚ್ಚಬೇಕಾದ್ದೇ. ಕಟ್ಟು ಹಾವಿನ ವಿಷ ನರಗಳಿಗೆ ಏನು ಮಾಡುತ್ತದೆ ಎಂದು ವಿವರಿಸಲು ಶುರುಮಾಡಿದೆ. ಮಾಲಿಯ ಮುಖ ನೋಡಿದರೆ ಅದು ತಲುಪುತ್ತಿರಲಿಲ್ಲ. ಬೆಳಿಗ್ಗೆ ಅಷ್ಟೇ ಗಟ್ಟಿಯಾಗಿ ಬೇರೆ ಮಾತು ಹೇಳಿದ್ದವಳನ್ನು ಯಾಕೆ ನಂಬಬೇಕು? ವಿವರಣೆ ನಿಲ್ಲಿಸಿದೆ.

“ಅಣ್ಣ, ಕಸಿ ಮಾವಿನ ಗಿಡ, ಬೀಜದ ಗಿಡ, ಎರಡನ್ನೂ ಪಕ್ಕಪಕ್ಕ ಇಟ್ರೆ ಹೇಗೆ ಗುರುತಿಸ್ತೀರಿ? ಎಲೆ ನೋಡಿಯಾ?”

ಅವರಿಗೆ ನಗು ಬಂತು. “ಎಲೆ ನೋಡಿದ್ರೆ ಏನ್ ಗೊತ್ತಾತದೆ ಮೇಡಂ. ಎರಡೂ ಒಂದೇ ತರ. ಬುಡದ ತಾವ ಕಸಿ ಗಂಟು ನೋಡ್ಬೇಕು. ಗಂಟಿಲ್ದಿದ್ರೆ ಯಾರು ಎಷ್ಟೇ ಆಣೆ ಮಾಡ್ಲಿ, ಅದು ಬೀಜದ್ದೇ.”

“ಬೆಳಿಗ್ಗೆ ನಾನು ಎಲೆ ನೋಡಿ ಹೇಳಿಬಿಟ್ಟೆ. ಈಗ ನಿಮ್ಮ ನರ್ಸರಿಗೆ ಹೋಗಿ ಗಂಟು ನೋಡ್ಕೊಂಡು ಬಂದಿದೀನಿ.”

ಫೋನಿನಲ್ಲಿದ್ದ ಬಾಲದಡಿಯ ಚಿತ್ರವನ್ನು ದೊಡ್ಡದು ಮಾಡಿ ಅವರ ಕೈಗೆ ಕೊಟ್ಟೆ. ಜೊತೆಗೆ ನಮ್ಮ ಸಂಗ್ರಹದಲ್ಲಿದ್ದ ತೋಳ ಹಾವಿನ ಬಾಲದ ಚಿತ್ರವನ್ನೂ ತೋರಿಸಿದೆ. ಅವರು ಎರಡನ್ನೂ ಹಿಂದೆ ಮುಂದೆ ಸರಿಸಿ ನೋಡಿದರು. ಹೆಬ್ಬೆರಳಿನಿಂದ ತಾವೇ ಇನ್ನಷ್ಟು ದೊಡ್ಡದು ಮಾಡಿದರು.

“ಇದ್ರಲ್ಲಿ ಬೈತಲೆ ಐತೆ. ಇದ್ರಲ್ಲಿಲ್ಲ.”

“ಹೌದು.”

“ಬೈತಲೆ ಇಲ್ದಿದ್ದು ನನಗೆ ಕಚ್ಚಿರೋದು?”

“ಹೌದು ಅಣ್ಣ.”

ಅವರು ಫೋನ್ ವಾಪಸು ಕೊಟ್ಟು, ಚಪ್ಪಲಿ ಕಳಚಿ, ಮಂಚದ ಮೇಲೆ ಮಲಗಿದರು. ಆಂಟಿಯ ಕಡೆ ತಿರುಗಿ, “ಗುಲಾಬಿ ನೆರಳಲ್ಲಿ ಇಳಿಸ್ಕೊಳಿ. ಮೊದಲನೇ ದಿನ ನೀರು ಜಾಸ್ತಿ ಹಾಕ್ಬೇಡಿ,” ಎಂದರು.

ಆಮೇಲಿನ ಕೆಲಸ ವೈದ್ಯೆಯದು. ಅವರು ಪ್ರತಿ ಗಂಟೆಗೊಮ್ಮೆ ಬಂದು ಒಂದು ಸರಳ ಪರೀಕ್ಷೆ ಮಾಡುತ್ತಿದ್ದರು. ಆಳವಾಗಿ ಉಸಿರೆಳೆದುಕೊಂಡು, ಮತ್ತೆ ಉಸಿರು ತೆಗೆದುಕೊಳ್ಳದೆ ಎಲ್ಲಿಯವರೆಗೆ ಎಣಿಸಲು ಸಾಧ್ಯವೋ ಅಲ್ಲಿಯವರೆಗೆ ಎಣಿಸಬೇಕು. ಎದೆಯ ಸ್ನಾಯುಗಳು ಸೋಲುತ್ತಿದ್ದರೆ ಎಣಿಕೆ ಕುಗ್ಗುತ್ತದೆ. ಹನ್ನೊಂದೂವರೆಗೆ ಮಾಲಿ ಮೂವತ್ತೆರಡರವರೆಗೆ ಎಣಿಸಿದರು, ಸ್ವಲ್ಪ ಜಂಭದಿಂದಲೇ. ಹನ್ನೆರಡೂವರೆಗೆ ಮೂವತ್ತೊಂದು. ಒಂದೂವರೆಗೆ ಇಪ್ಪತ್ತಾರು. ಹೊಟ್ಟೆ ಹಸಿದಿದೆ, ಅದಕ್ಕೇ ಎಂದರು.

ಎರಡೂ ಇಪ್ಪತ್ತಕ್ಕೆ ಅವರು ಮೇಲೆ ನೋಡುತ್ತ, “ಅಲ್ಲಿ ಎಷ್ಟು ಫ್ಯಾನ್ ಅವೆ?” ಎಂದು ಕೇಳಿದರು. ಒಂದು ಎಂದೆ. ಅವರು ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಏಳಿಸಲು ಹಣೆಯನ್ನೆಲ್ಲ ಸುಕ್ಕು ಮಾಡುತ್ತಿದ್ದರು. ನಾನು ಓಡಲಿಲ್ಲ, ಜೋರಾಗಿ ನಡೆದೆ. ವೈದ್ಯೆ ಬಂದು ಎಣಿಸಲು ಹೇಳಿದರು. ಹತ್ತೊಂಬತ್ತಕ್ಕೆ ನಿಂತಿತು.

ಹತ್ತು ಸಣ್ಣ ಸೀಸೆ ಪ್ರತಿವಿಷ ಸಲೈನಿನಲ್ಲಿ ಬೆರೆತು ಇಳಿಯತೊಡಗಿತು. ಅರ್ಧ ಇಳಿಯುವಷ್ಟರಲ್ಲಿ ಮೈತುಂಬ ದದ್ದು ಎದ್ದು ಚಳಿಯಿಂದ ನಡುಗಿದರು. ಸಲೈನು ನಿಲ್ಲಿಸಿದರು, ಇಂಜೆಕ್ಷನ್ ಕೊಟ್ಟರು, ಕಾಲು ಗಂಟೆಯ ನಂತರ ಮತ್ತೆ ನಿಧಾನವಾಗಿ ಶುರುಮಾಡಿದರು. ನಾಲ್ಕು ಗಂಟೆಗೆ ಹನ್ನೆರಡು. ಉಸಿರಾಟದ ಯಂತ್ರವನ್ನು ಮಂಚದ ಪಕ್ಕಕ್ಕೆ ತಳ್ಳಿಕೊಂಡು ಬಂದರು. ಗಂಟಲಿಗಿಳಿಸುವ ಕೊಳವೆಯನ್ನು ತಟ್ಟೆಯಲ್ಲಿ ಸಿದ್ಧ ಮಾಡಿಟ್ಟರು. ಆಂಟಿ ಕಾರಿಡಾರಿನಲ್ಲಿ ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು.

“ನಾನೇ ಆಟೋ ವಾಪಸ್ ಕಳ್ಸಿದ್ದು ಕಣಮ್ಮ,” ಎಂದರು.

“ನಾನು ಹೇಳಿದ್ದಕ್ಕೆ ಕಳ್ಸಿದ್ರಿ.”

ಅವರು ಸೆರಗಿನ ಅಂಚನ್ನು ಮತ್ತೆ ಬೆರಳಿಗೆ ಸುತ್ತತೊಡಗಿದರು.

ಐದು ಗಂಟೆಗೆ ಹನ್ನೊಂದು. ಆರಕ್ಕೆ ಹನ್ನೊಂದು. ಏಳಕ್ಕೂ ಹನ್ನೊಂದು. ಮಾಲಿಯ ಕಣ್ಣು ಪೂರ್ತಿ ಮುಚ್ಚಿತ್ತು, ಮಾತು ಮೂಗಿನಿಂದ ಬರುತ್ತಿತ್ತು. ಆದರೆ ಎಣಿಕೆ ಅಲ್ಲೇ ನಿಂತಿತ್ತು. ಇದು ಒಳ್ಳೆಯದೇ ಎಂದು ಕೇಳಿದೆ.

“ಇಳೀತಾ ಇಲ್ಲ. ಇವತ್ತಿಗೆ ಅಷ್ಟೇ ಕೇಳಬೇಕು,” ಎಂದರು ವೈದ್ಯೆ. “ಕಟ್ಟು ಹಾವು ಕಚ್ಚಿದ್ರೆ ಎಣಿಕೆ ಇಳಿಯೋದು ಬೇಗ, ಏರೋದು ನಿಧಾನ. ಬಾಗಿಲಾಚೆ ಶುರುವಾಗಿದ್ರೆ ಕಷ್ಟ ಇತ್ತು. ಇಲ್ಲಿ ಮಲಗಿದ್ದಾಗ ಶುರುವಾಯ್ತು.” ಆಮೇಲೆ, ತಟ್ಟೆಯ ಕೊಳವೆಯ ಮೇಲೆ ಬಟ್ಟೆ ಮುಚ್ಚುತ್ತ, “ನೀವು ಮನೆಗೆ ಹೋಗಿ. ಬೆಳಗಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ,” ಎಂದರು.

ಗಿರಿನಗರದ ಮನೆಯಲ್ಲಿ ಅಕ್ಕ ಇಷ್ಟು ತಡವೇಕೆ ಎಂದು ಕೇಳಿದಳು. ಕೆಲಸ ಇತ್ತು ಎಂದೆ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತ, ಒಂದೇ ಉಸಿರಿನಲ್ಲಿ ಎಣಿಸಿ ನೋಡಿದೆ. ನಲವತ್ತು ದಾಟಿದೆ. ನಾಚಿಕೆಯಾಯಿತು.

ಬೆಳಿಗ್ಗೆ ಆರೂ ಮುಕ್ಕಾಲಿಗೆ ಆಂಟಿಯ ಫೋನ್ ಬಂತು. ನಮಸ್ಕಾರ, ಕ್ಷೇಮ ಏನೂ ಇಲ್ಲ.

“ಹದಿನಾಲ್ಕು,” ಎಂದರು.

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಅವರೇ ಮುಂದುವರಿಸಿದರು: “ಕೇಳಿಸ್ತೇನಮ್ಮ? ಹದಿನಾಲ್ಕು. ರೆಪ್ಪೆ ಒಂಚೂರು ಎತ್ತಿದಾನೆ. ಕಾಫಿ ಕೇಳ್ತಿದಾನೆ, ಕೊಡಬಾರದಂತೆ. ಬೈತಿದಾನೆ.” ಹೌದು ಆಂಟಿ, ಕೇಳಿಸಿತು ಎಂದೆ. ಭುಜಗಳು ತಾವಾಗಿಯೇ ಕೆಳಗಿಳಿದವು. ಹಿಂದಿನ ಬೆಳಿಗ್ಗೆಯಿಂದ ಅವನ್ನು ಬಿಗಿಹಿಡಿದು ಕೂತಿದ್ದೆ ಎಂದು ಆಗ ತಿಳಿಯಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ಅತ್ತೆ. ನಂತರ ಮುಖ ತೊಳೆದು, ಅಕ್ಕ ಮಾಡಿದ ನಾಲ್ಕು ದೋಸೆ ತಿಂದೆ.

ಅಂದಿನಿಂದ ಎಣಿಕೆ ಏರುತ್ತಲೇ ಹೋಯಿತು. ಎರಡನೇ ದಿನ ಸಂಜೆಗೆ ಹದಿನೆಂಟು, ಮೂರನೇ ದಿನ ಇಪ್ಪತ್ತೈದು. ಯಂತ್ರವನ್ನು ಬೇರೆ ಮಂಚಕ್ಕೆ ತಳ್ಳಿಕೊಂಡು ಹೋದರು. ಮುಖ್ಯಸ್ಥರು ಊರಿಗೆ ಮರಳಿದ ದಿನ ನಾನು ಹಾಳೆಯನ್ನೂ, ಮೊದಲ ಉತ್ತರವನ್ನೂ, ತಿದ್ದುಪಡಿಯನ್ನೂ ಅವರ ಮುಂದಿಟ್ಟೆ. ಹಾಳೆಯನ್ನು ಉತ್ತರಕ್ಕಿಂತ ಮೊದಲು ತುಂಬುವುದಿಲ್ಲ ಎಂಬುದನ್ನೂ ಹೇಳಿದೆ. ಅವರು ಎಲ್ಲವನ್ನೂ ಎರಡು ಸಲ ಓದಿದರು. “ಮೊದಲ್ನೇದನ್ನ ಅಳಿಸಿಲ್ವಲ್ಲ,” ಎಂದರು. ಅಷ್ಟೇ. ನಂತರ ಆ ಇಡೀ ವಾರದ ಹಾಳೆಗಳನ್ನು ತರಿಸಿಕೊಂಡು, ನಮ್ಮನ್ನೆಲ್ಲ ಕೂರಿಸಿ, ಒಂದೊಂದಾಗಿ ಮತ್ತೆ ತುಂಬಿಸಿದರು. ಹದಿನೇಳರಲ್ಲಿ ನಾಲ್ಕು ಕಡೆ ‘ಕಂಡದ್ದು’ ಎಂದು ಬರೆದದ್ದು ‘ಊಹಿಸಿದ್ದು’ ಆಗಿತ್ತು. ಅದೃಷ್ಟಕ್ಕೆ ಅವು ನಾಲ್ಕೂ ಯಾರಿಗೂ ಅಪಾಯವಿಲ್ಲದ ಹಾವುರಾಣಿ.

ಐದನೇ ದಿನ ಮಾಲಿಯನ್ನು ಬಿಡುಗಡೆ ಮಾಡುವಾಗ ನಾನು ಆಸ್ಪತ್ರೆಯ ಹೊರಗೆ ನಿಂತಿದ್ದೆ. ಒಳಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನವಾಗಿರಲಿಲ್ಲ. ಅವರ ಹೆಂಡತಿ ಊರಿನಿಂದ ಬಂದಿದ್ದರು. ಮಾಲಿ ಔಷಧಿಯ ಚೀಟಿ ಹಿಡಿದು ಕಿಟಕಿಯ ಸಾಲಿನಲ್ಲಿ ನಿಂತಿದ್ದಾಗ, ಆಕೆ ನೇರವಾಗಿ ನನ್ನ ಹತ್ತಿರ ಬಂದರು.

“ವಿಷ ಇಲ್ಲ ಅಂತ ಹೇಳಿದ್ ಮೇಡಂ ನೀವೇಯಾ?”

“ಹೌದು,” ಎಂದೆ.

ಆಕೆ ನನ್ನನ್ನು ನೋಡುತ್ತಲೇ ಇದ್ದರು. ಸಮಜಾಯಿಷಿ ಕೊಡಬಹುದಾಗಿತ್ತು. ಕೊಡಲಿಲ್ಲ.

“ತಿರ್ಗಾ ಫೋನ್ ಮಾಡಿ, ತಪ್ಪಾಯ್ತು ಆಸ್ಪತ್ರೆಗೆ ಹೋಗಿ ಅಂದಿದ್ದೂ ನೀವೇಯಾ?”

“ಹೌದು.”

“ಅಂಗಾದ್ರೆ ಸರಿ,” ಎಂದು, ಆಕೆ ಗಂಡನ ಬಟ್ಟೆಗಂಟನ್ನು ನನ್ನ ಕೈಗೆ ಕೊಟ್ಟರು. “ಇದನ್ನ ಸ್ವಲ್ಪ ಇಡ್ಕೊಳಿ. ನಾನು ಆಟೋ ಕರೀತೀನಿ.”

ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಮಾಲಿ ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲು ಇಳಿದು ಬರುತ್ತಿದ್ದರು.